ಅಪ್ಪ ಅಮ್ಮ ಉಗಾಂಡಕ್ಕೆ ಬರ್ತೀವಿ ಅಂದಾಗ: ಸ್ವಯಂಸೇವಕರಿಗೆ ಒಂದು ಕೈಪಿಡಿ

ಸ್ವಯಂಸೇವಕರಾಗಿ ಉಗಾಂಡಕ್ಕೆ ಬಂದ ಕನ್ನಡದ ಹುಡುಗ ಹುಡುಗಿಯರು ಆರು ತಿಂಗಳು ಕಳೆಯುವಷ್ಟರಲ್ಲಿ ನನಗೆ ಒಂದೇ ಪ್ರಶ್ನೆ ಕಳಿಸುತ್ತಾರೆ: "ಮನೆಯವರು ಬರ್ತೀವಿ ಅಂತಿದ್ದಾರೆ, ಏನು ಮಾಡಲಿ?" ಒಬ್ಬೊಬ್ಬರಿಗೂ ಬರೆದು ಬರೆದು ಸಾಕಾಗಿದೆ. ಆದ್ದರಿಂದ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ನಾನಿರುವುದು ಜಿಂಜಾ ಹತ್ತಿರದ ಸಣ್ಣ ಊರಿನಲ್ಲಿ. ನನ್ನ ಅಪ್ಪ ಅಮ್ಮ ಎರಡು ಸಲ ಬಂದು ಹೋಗಿದ್ದಾರೆ. ಮೊದಲ ಸಲ ನಾನು ಮಾಡಿದ ತಪ್ಪುಗಳೇ ಈ ಲೇಖನದ ಅರ್ಧ ಭಾಗ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಲಸಕ್ಕೆಂದು ದುಬೈಗೋ ಅಮೆರಿಕಕ್ಕೋ ಹೋದವರ ಮನೆಗೆ ನೆಂಟರು ಬರುವುದೇ ಬೇರೆ, ಇದೇ ಬೇರೆ. ನಮಗೆ ಇಲ್ಲಿ ಸಂಬಳ ಇಲ್ಲ. ಜೀವನ ಭತ್ಯೆ ಇದೆ, ಅಂದರೆ ಒಬ್ಬರ ಊಟ, ಬಾಡಿಗೆ, ಓಡಾಟಕ್ಕೆ ಸರಿಹೋಗುವಷ್ಟು ದುಡ್ಡು. ಮನೆ ಹೆಚ್ಚಾಗಿ ಸಂಸ್ಥೆ ಕೊಡಿಸಿದ್ದು. ಊರಿನವರ ಮಟ್ಟಿಗೆ ನಾವೇ ಇಲ್ಲಿ ನೆಂಟರು. ನೆಂಟರ ಮನೆಗೆ ಬರುವ ನೆಂಟರು ನಮ್ಮ ಅಪ್ಪ ಅಮ್ಮ. ಇದನ್ನು ಮರೆತರೆ ಮುಂದಿನ ಯಾವ ಹಂತವೂ ಸರಿಯಾಗುವುದಿಲ್ಲ.

ಹಂತ 1: ಮೊದಲು ಆಫೀಸಿನಲ್ಲಿ ಕೇಳಿ

ಅಮ್ಮನಿಗೆ "ಬನ್ನಿ" ಅನ್ನುವ ಮೊದಲು ನಿಮ್ಮ ಮೇಲ್ವಿಚಾರಕರ ಹತ್ತಿರ ಮಾತಾಡಿ. ಕೇಳಬೇಕಾದದ್ದು ನಾಲ್ಕು ವಿಷಯ. ಎಷ್ಟು ರಜೆ ಸಿಗುತ್ತದೆ, ಯಾವ ತಿಂಗಳು ಕೆಲಸ ಕಡಿಮೆ. ಸಂಸ್ಥೆಯ ಮನೆಯಲ್ಲಿ ಹೊರಗಿನವರು ರಾತ್ರಿ ಉಳಿಯಬಹುದೇ, ಎಷ್ಟು ದಿನ. ನಿಮ್ಮ ಆರೋಗ್ಯ ವಿಮೆ ಬಂದವರಿಗೂ ಅನ್ವಯಿಸುತ್ತದೆಯೇ. ಅವರು ಶಾಲೆ ಅಥವಾ ಕ್ಲಿನಿಕ್ ನೋಡಲು ಬರಬಹುದೇ.

ಮೂರನೆಯದಕ್ಕೆ ಸಾಮಾನ್ಯವಾಗಿ "ಇಲ್ಲ" ಎಂಬ ಉತ್ತರವೇ ಬರುತ್ತದೆ. ನಿಮ್ಮ ವಿಮೆ ನಿಮಗೆ ಮಾತ್ರ. ಆಫೀಸಿನ ಜೀಪಿನ ವಿಷಯವನ್ನಂತೂ ಕೇಳಲೇಬೇಡಿ. ಹೊರಗಿನವರನ್ನು ಕೂರಿಸಿಕೊಂಡಾಗ ಅಪಘಾತವಾದರೆ ಜವಾಬ್ದಾರಿ ಯಾರದು ಎಂಬ ತಕರಾರು ಬರುತ್ತದೆ. ಡ್ರೈವರ್ ಒಳ್ಳೆಯವನು, "ಬನ್ನಿ ಅಮ್ಮಾ" ಅಂತ ಬಾಗಿಲು ತೆಗೆದೇಬಿಡುತ್ತಾನೆ. ಅವನ ಕೆಲಸಕ್ಕೆ ಕುತ್ತು ತರಬೇಡಿ.

ಹಂತ 2: ದುಡ್ಡಿನ ಮಾತು ಬಿಚ್ಚಿ ಆಡಿ

"ಮಗ ವಿಶ್ವಸಂಸ್ಥೆಯಲ್ಲಿದ್ದಾನೆ" ಎಂದು ಅಪ್ಪ ಬೀದಿಗೆಲ್ಲ ಹೇಳಿರುತ್ತಾರೆ. ಡಾಲರ್ ಲೆಕ್ಕದ ಸಂಬಳ ಎಂದು ಅತ್ತೆ ಮಾವಂದಿರು ಅಂದುಕೊಂಡಿರುತ್ತಾರೆ. ನೀವು ಸಂಕೋಚದಿಂದ ಸುಮ್ನೆ ಇದ್ದರೆ ಎಲ್ಲ ಖರ್ಚೂ ನಿಮ್ಮ ಮೇಲೆ ಬರುತ್ತದೆ. ನಾಲ್ಕು ತಿಂಗಳ ಭತ್ಯೆ ಎರಡು ವಾರದಲ್ಲಿ ಖಾಲಿಯಾದ ಸ್ವಯಂಸೇವಕರನ್ನು ನಾನು ನೋಡಿದ್ದೇನೆ.

ಹೀಗೆ ಹಂಚಿಕೊಳ್ಳಿ: ಟಿಕೆಟ್, ವೀಸಾ, ವಿಮೆ, ಸಫಾರಿ ಅವರದ್ದು. ಮನೆ ಊಟ, ಊರೊಳಗಿನ ಓಡಾಟ ನಿಮ್ಮದು. ಅವರು ತರುವ ದುಡ್ಡು ಡಾಲರ್ ನೋಟಿನಲ್ಲಿರಲಿ. ನೋಟು ಹೊಸದಾಗಿರಬೇಕು, ಮಡಚಿರಬಾರದು, ಗೀಚಿರಬಾರದು. ಹಳೆಯ ವರ್ಷದ ನೋಟನ್ನು ಇಲ್ಲಿನ ವಿನಿಮಯ ಅಂಗಡಿಗಳು ತೆಗೆದುಕೊಳ್ಳುವುದಿಲ್ಲ, ಇಲ್ಲವೇ ಕಡಿಮೆ ದರ ಕೊಡುತ್ತವೆ. 100ರ ನೋಟಿಗೆ ಸಿಗುವ ದರ 10ರ, 20ರ ನೋಟಿಗೆ ಸಿಗುವುದಿಲ್ಲ. ನಮ್ಮೂರಿನಲ್ಲಿ ತರಕಾರಿಯವಳಿಗೂ ಫೋನ್‌ಪೇ ಮಾಡುವ ಅಭ್ಯಾಸ, ಅಲ್ವಾ? ಅದು ಇಲ್ಲಿ ನಡೆಯದು. ಇಲ್ಲಿ ನಡೆಯುವುದು ಮೊಬೈಲ್ ಮನಿ. ಫೋನ್ ಸಿಮ್‌ಗೆ ಅಂಟಿಕೊಂಡ ದುಡ್ಡಿನ ಖಾತೆ ಅದು. ಎಂಟಿಎನ್, ಏರ್‌ಟೆಲ್ ಎರಡರಲ್ಲೂ ಇದೆ.

ಹಂತ 3: ಯಾವಾಗ, ಎಷ್ಟು ದಿನ

ಇಲ್ಲಿ ಮಳೆಗಾಲ ಎರಡು. ಮಾರ್ಚ್‌ನಿಂದ ಮೇ ಒಂದು, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಇನ್ನೊಂದು. ಮಣ್ಣಿನ ರಸ್ತೆಯ ಊರಿನಲ್ಲಿದ್ದರೆ ಆ ತಿಂಗಳು ಬೇಡ. ಜೂನ್‌ನಿಂದ ಆಗಸ್ಟ್, ಇಲ್ಲವೇ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಆಫ್ರಿಕಾ ಎಂದರೆ ಬೆಂಕಿ ಬಿಸಿಲು ಎಂದು ಅವರು ಹೆದರಿರುತ್ತಾರೆ. ಜಿಂಜಾ, ರಾಜಧಾನಿ ಕಂಪಾಲಾ ಎರಡೂ ಬೆಂಗಳೂರಿಗಿಂತ ಎತ್ತರದಲ್ಲಿವೆ. ಒಂದೊಂದು ಸ್ವೆಟರ್ ತರಲು ಹೇಳಿ.

ಎರಡು ವಾರ ಸಾಕು, ಮೂರು ವಾರ ಜಾಸ್ತಿ. ಅಪ್ಪ ಅಮ್ಮನ ಮೇಲೆ ಪ್ರೀತಿ ಇಲ್ಲವೆಂದಲ್ಲ. ನಿಮಗೆ ರಜೆ ಸಿಗುವುದು ಹೆಚ್ಚೆಂದರೆ ಐದಾರು ದಿನ. ಉಳಿದ ದಿನ ಅವರು ಮನೆಯಲ್ಲೇ ಇರಬೇಕು. ಟಿವಿ ಇಲ್ಲ, ಗೊತ್ತಿರುವವರಿಲ್ಲ, ಭಾಷೆ ಬರುವುದಿಲ್ಲ.

ಹಂತ 4: ಸೂಜಿ ಮೊದಲು, ವೀಸಾ ಆಮೇಲೆ, ಟಿಕೆಟ್ ಕೊನೆಗೆ

ಜಾಸ್ತಿ ಜನ ಎಡವುವುದು ಇಲ್ಲಿ. ಅಗ್ಗಕ್ಕೆ ಸಿಕ್ಕಿತೆಂದು ಮೊದಲೇ ಟಿಕೆಟ್ ಕೊಂಡು ಆಮೇಲೆ ಪರದಾಡುತ್ತಾರೆ. ಸರಿಯಾದ ಕ್ರಮ ಇದು.

ಪಾಸ್‌ಪೋರ್ಟ್: ಬಂದಿಳಿಯುವ ದಿನದಿಂದ ಕನಿಷ್ಠ ಆರು ತಿಂಗಳು ಜೀವ ಇರಬೇಕು. ಇಲ್ಲದಿದ್ದರೆ ಮೊದಲು ನವೀಕರಿಸಿ. ಲಸಿಕೆ ಕಾರ್ಡಿನಲ್ಲಿ ಪಾಸ್‌ಪೋರ್ಟ್ ನಂಬರ್ ಬರೆಯುತ್ತಾರೆ. ಲಸಿಕೆ ಹಾಕಿಸಿಕೊಂಡ ಮೇಲೆ ಪಾಸ್‌ಪೋರ್ಟ್ ಬದಲಾದರೆ ಎರಡೂ ಹೊಂದುವುದಿಲ್ಲ. ನಮ್ಮ ಹಿರಿಯರ ಹೆಸರಿನದ್ದು ಇನ್ನೊಂದು ತೊಡಕು. ಎಷ್ಟೋ ಅಮ್ಮಂದಿರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುತ್ತದೆ, ಸರ್‌ನೇಮ್ ಜಾಗ ಖಾಲಿ. ಒಂದೇ ಹೆಸರಿನ ಪ್ರವಾಸಿಗಳಿಗೆ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ದುಬೈಯಲ್ಲಿ ಬರೀ ವಿಮಾನ ಬದಲಿಸುವುದಾದರೂ ಟಿಕೆಟ್ ಕೊಳ್ಳುವ ಮೊದಲು ವಿಮಾನ ಕಂಪನಿಯನ್ನು ಕೇಳಿ.

ಯೆಲ್ಲೋ ಫೀವರ್, ಅಂದರೆ ಹಳದಿ ಜ್ವರದ ಲಸಿಕೆ: ಇದಿಲ್ಲದೆ ಉಗಾಂಡದ ಒಳಗೆ ಬಿಡುವುದಿಲ್ಲ. ಕೇಂದ್ರ ಆರೋಗ್ಯ ಇಲಾಖೆ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಬೇಕು. ಬೆಂಗಳೂರಿನಲ್ಲಿ ಅಂಥ ಕೇಂದ್ರಗಳಿವೆ. ನಿಮ್ಮ ಊರಿನ ಡಾಕ್ಟರ್ ಕೊಟ್ಟ ಚೀಟಿ ನಡೆಯುವುದಿಲ್ಲ. ದಿನ ಗೊತ್ತುಮಾಡಿಕೊಂಡು ಅಸಲಿ ಪಾಸ್‌ಪೋರ್ಟ್ ಹಿಡಿದು ಹೋಗಬೇಕು. ಕಾರ್ಡು ಲಸಿಕೆ ಹಾಕಿಸಿದ 10 ದಿನದ ಮೇಲೆ ಚಾಲ್ತಿಗೆ ಬರುತ್ತದೆ. 2016ರ ಜುಲೈನಿಂದ ಅದು ಜೀವಮಾನಕ್ಕೆಲ್ಲ ಒಂದೇ. 10 ವರ್ಷಕ್ಕೊಮ್ಮೆ ಎಂಬುದು ಹಳೆಯ ನಿಯಮ.

ಎಚ್ಚರಿಕೆ: ಇದು ಜೀವಂತ ವೈರಸ್ ಇರುವ ಲಸಿಕೆ. 60 ದಾಟಿದವರಿಗೆ ಅಡ್ಡ ಪರಿಣಾಮದ ಅಪಾಯ ಹೆಚ್ಚು. ಮೊಟ್ಟೆಯ ಅಲರ್ಜಿ ಇದ್ದವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಮೊದಲು ತಮ್ಮ ಡಾಕ್ಟರನ್ನು ಕಾಣಲೇಬೇಕು. ಡಾಕ್ಟರ್ ಬೇಡ ಎಂದರೆ ವಿನಾಯಿತಿ ಪತ್ರ ಕೊಡುತ್ತಾರೆ. ಆದರೆ ತಿರುಗಿ ಹೋಗುವಾಗ ಭಾರತದಲ್ಲೂ ಈ ಕಾರ್ಡು ಕೇಳುತ್ತಾರೆ. ಇಲ್ಲದವರನ್ನು ಆರು ದಿನದವರೆಗೆ ಪ್ರತ್ಯೇಕ ಇಡಬಹುದು. 70 ದಾಟಿದ, ಸಕ್ಕರೆ ಕಾಯಿಲೆ ಹೃದಯದ ತೊಂದರೆ ಎರಡೂ ಇರುವ ಅಪ್ಪನನ್ನು ಕರೆಸಿಕೊಳ್ಳಬೇಕೇ ಎಂದು ಇಲ್ಲಿ ನಿಂತು ಒಮ್ಮೆ ಯೋಚಿಸಿ. ರಜೆ ಹಾಕಿ ನೀವೇ ಊರಿಗೆ ಹೋಗಿಬರುವುದು ಅಗ್ಗವೂ ಹೌದು.

ವೀಸಾ: ಉಗಾಂಡ ವಲಸೆ ಇಲಾಖೆಯ ಜಾಲತಾಣದಲ್ಲೇ ಅರ್ಜಿ. ಅದರ ವಿಳಾಸ ಡಾಟ್ ಜಿಓ ಡಾಟ್ ಯುಜಿ ಎಂದು ಮುಗಿಯುತ್ತದೆ. ಡಾಟ್ ಕಾಮ್ ಎಂದು ಮುಗಿಯುವವು ಮಧ್ಯವರ್ತಿಗಳದ್ದು, ದುಪ್ಪಟ್ಟು ದುಡ್ಡು. ಒಂದು ಸಲದ ಪ್ರವಾಸಿ ವೀಸಾಕ್ಕೆ 50 ಡಾಲರ್. ಪಾಸ್‌ಪೋರ್ಟ್ ಪ್ರತಿ, ಫೋಟೊ, ಹಳದಿ ಜ್ವರದ ಕಾರ್ಡು ಏರಿಸಬೇಕು. ಲಸಿಕೆ ಮೊದಲು ಎಂದದ್ದು ಇದಕ್ಕೇ. ಅರ್ಜಿಯನ್ನು ನೀವೇ ತುಂಬಿ, ಅಪ್ಪನ ಕೈಗೆ ಬಿಡಬೇಡಿ. ಹೆಸರು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಇರಲಿ. ಇನಿಷಿಯಲ್ ಬಿಡಿಸಿ ಬರೆಯಲು ಹೋಗಬೇಡಿ.

ಕೀನ್ಯಾ, ರುವಾಂಡಾ ಕೂಡ ನೋಡುವ ಯೋಚನೆ ಇದ್ದರೆ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ತೆಗೆಸಬಹುದು. 100 ಡಾಲರ್, 90 ದಿನ, ಮೂರೂ ದೇಶಕ್ಕೆ ನಡೆಯುತ್ತದೆ. ಆದರೆ ವೀಸಾ ಕೊಟ್ಟ ದೇಶಕ್ಕೇ ಮೊದಲು ಕಾಲಿಡಬೇಕು. ಉಗಾಂಡ ಕೊಟ್ಟ ವೀಸಾ ಹಿಡಿದು ಮೊದಲು ನೈರೋಬಿಗೆ ಇಳಿದರೆ ತೊಂದರೆ.

ಹಂತ 5: ಟಿಕೆಟ್, ವಿಮೆ, ಮಾತ್ರೆ

ಬೆಂಗಳೂರಿನಿಂದ ಎಂಟೆಬೆಗೆ ನೇರ ವಿಮಾನ ಇಲ್ಲ. ಎಂಟೆಬೆ ಎಂದರೆ ಕಂಪಾಲಾದಿಂದ ಸುಮಾರು 40 ಕಿಲೋಮೀಟರ್ ದೂರದ, ವಿಕ್ಟೋರಿಯಾ ಸರೋವರದ ದಡದ ವಿಮಾನ ನಿಲ್ದಾಣ. ದುಬೈ ಅಥವಾ ಆಡಿಸ್ ಅಬಾಬಾದಲ್ಲಿ ಬದಲಿಸಿ ಬರುವುದು ರೂಢಿ. ಉಗಾಂಡ ಏರ್‌ಲೈನ್ಸ್ 2023ರ ಅಕ್ಟೋಬರ್‌ನಲ್ಲಿ ಮುಂಬೈ–ಎಂಟೆಬೆ ನೇರ ವಿಮಾನ ಶುರು ಮಾಡಿತು. ಕೊಳ್ಳುವ ಮೊದಲು ಆ ವಾರದ ವೇಳಾಪಟ್ಟಿ ನೋಡಿಕೊಳ್ಳಿ. ಯಾವುದೇ ಆಗಲಿ, ಇಡೀ ದಾರಿಗೆ ಒಂದೇ ಟಿಕೆಟ್ ಇರಲಿ. ಎರಡು ಬೇರೆ ಬೇರೆ ಟಿಕೆಟ್ ಆದರೆ ನಡುವೆ ಸೂಟ್‌ಕೇಸ್ ಇಳಿಸಿಕೊಂಡು ಮತ್ತೆ ಹಾಕಬೇಕು. ಅದು ಹಿರಿಯರ ಕೈಲಿ ಆಗುವ ಕೆಲಸವಲ್ಲ.

ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ನೆರವು ಕೇಳಿ. ಇದಕ್ಕೆ ದುಡ್ಡಿಲ್ಲ. "ನನ್ನ ಕಾಲು ಗಟ್ಟಿಯಾಗಿದೆ" ಎಂದು ಅಪ್ಪ ಸಿಟ್ಟಾಗುತ್ತಾರೆ, ಆಗಲಿ. ಕಾಲಿನ ಬಲದ ಪ್ರಶ್ನೆ ಅಲ್ಲ ಇದು. ಇಂಗ್ಲಿಷ್ ಸರಾಗ ಬಾರದವರನ್ನು ಒಂದು ಗೇಟಿನಿಂದ ಇನ್ನೊಂದಕ್ಕೆ ಕೈಹಿಡಿದು ಮುಟ್ಟಿಸುವ ವ್ಯವಸ್ಥೆ.

ಪ್ರವಾಸ ವಿಮೆಯನ್ನು ಭಾರತ ಬಿಡುವ ಮೊದಲೇ ಕೊಳ್ಳಬೇಕು. ಈಗಾಗಲೇ ಇರುವ ಬಿಪಿ, ಶುಗರ್ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಬೇಕಾದಾಗಲೇ ದುಡ್ಡು ಕೊಡುವುದಿಲ್ಲ. ರೋಗಿಯನ್ನು ವಿಮಾನದಲ್ಲಿ ಬೇರೆ ಊರಿಗೆ ಸಾಗಿಸುವ ಖರ್ಚು ಸೇರಿದೆಯೇ ಎಂದು ನೋಡಿ.

ಮಲೇರಿಯಾ ತಡೆಯುವ ಮಾತ್ರೆ ಬೇಕೇ ಬೇಕು. ಇಲ್ಲಿನ ಮಲೇರಿಯಾಕ್ಕೆ ಕ್ಲೋರೋಕ್ವಿನ್ ಕೆಲಸ ಮಾಡುವುದಿಲ್ಲ. ಅಟೊವಾಕ್ವೋನ್–ಪ್ರೊಗ್ವಾನಿಲ್ ಆದರೆ ಹೊರಡುವ ಒಂದೆರಡು ದಿನ ಮೊದಲು ಶುರು ಮಾಡಿ, ಊರಿಗೆ ಮರಳಿದ ಮೇಲೂ 7 ದಿನ ತೆಗೆದುಕೊಳ್ಳಬೇಕು. ಡಾಕ್ಸಿಸೈಕ್ಲಿನ್ ಆದರೆ ಮರಳಿದ ಮೇಲೆ 4 ವಾರ. ಯಾವುದು ಹೊಂದುತ್ತದೆ ಎಂದು ಅವರ ಡಾಕ್ಟರ್ ಹೇಳಲಿ. ದಿನನಿತ್ಯದ ಮಾತ್ರೆಗಳನ್ನು ಹತ್ತು ದಿನಕ್ಕೆ ಹೆಚ್ಚುವರಿ ತರಲಿ. ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿರಲಿ, ಮಾತ್ರೆಗಳು ಕೈಚೀಲದಲ್ಲಿರಲಿ.

ಹಂತ 6: ಸೂಟ್‌ಕೇಸಿನಲ್ಲಿ ಏನು, ಏನು ಬೇಡ

ಅಮ್ಮ ಹತ್ತು ಕೆಜಿ ಅಕ್ಕಿ ತರಲು ಹೊರಟಿರುತ್ತಾರೆ. ಬೇಡ ಅನ್ನಿ. ಅಕ್ಕಿ, ಬೇಳೆ, ಸಾಸಿವೆ, ಅರಿಶಿನ ಎಲ್ಲ ಇಲ್ಲಿ ಸಿಗುತ್ತದೆ. 1972ರಲ್ಲಿ ಇಲ್ಲಿನ ಆಗಿನ ಸರ್ವಾಧಿಕಾರಿ ಇದಿ ಅಮಿನ್ 90 ದಿನದ ಗಡುವು ಕೊಟ್ಟು ಏಷ್ಯನ್ನರನ್ನು, ಅಂದರೆ ಹೆಚ್ಚಾಗಿ ಭಾರತ ಮೂಲದವರನ್ನು, ಓಡಿಸಿದ್ದು ನಿಜ. ಆಮೇಲೆ ಎಷ್ಟೋ ಜನ ಮರಳಿ ಬಂದರು, ಹೊಸಬರೂ ಬಂದರು. ಕಂಪಾಲಾ, ಜಿಂಜಾಗಳಲ್ಲಿ ಗುಜರಾತಿ ಅಂಗಡಿಗಳಿವೆ. ಸಿಗದಿರುವುದು ಹುಳಿಪುಡಿ, ಬಿಸಿಬೇಳೆಬಾತ್ ಪುಡಿ, ಚಟ್ನಿಪುಡಿ, ಚಿಕೋರಿ ಬೆರೆಸಿದ ಕಾಫಿಪುಡಿ. ಅವನ್ನು ತರಲಿ. ಉಗಾಂಡ ರೊಬಸ್ಟಾ ಕಾಫಿಯ ತವರು, ಆದರೆ ಇಲ್ಲಿನವರು ಕುಡಿಯುವುದು ಚಹಾ. ಫಿಲ್ಟರ್ ಕೂಡ ಬರಲಿ.

ಗಸಗಸೆ ಮಾತ್ರ ಬೇಡ. ದುಬೈ ದಾರಿಯಲ್ಲಿ ಬರುವವರಿಗೆ ಇದು ಗಟ್ಟಿ ಎಚ್ಚರಿಕೆ. ಯುಎಇಯಲ್ಲಿ ಗಸಗಸೆ ಮಾದಕ ವಸ್ತುಗಳ ಸಾಲಿಗೆ ಸೇರುತ್ತದೆ. ಅಮ್ಮನ ಪಾಲಿಗೆ ಅದು ಪಾಯಸದ ಸಾಮಾನು, ಕಸ್ಟಮ್ಸ್‌ನವರಿಗೆ ಅಲ್ಲ. ಉಪ್ಪಿನಕಾಯಿ ಎಣ್ಣೆ ಸೋರದಂತೆ ಕಟ್ಟಿ ದೊಡ್ಡ ಸೂಟ್‌ಕೇಸಿನಲ್ಲಿ ಇಡಿ. ಕೀನ್ಯಾ, ರುವಾಂಡಾಕ್ಕೂ ಹೋಗುವುದಾದರೆ ಪ್ಲಾಸ್ಟಿಕ್ ಕವರು ಬೇಡ, ಎರಡೂ ಕಡೆ ನಿಷೇಧ ಇದೆ. ಎಲ್ಲವನ್ನೂ ಕವರಿನೊಳಗೆ ಕವರು ಸುತ್ತುವ ನಮ್ಮ ಅಭ್ಯಾಸಕ್ಕೆ ಬಟ್ಟೆ ಚೀಲವೇ ಮದ್ದು.

ಇಲ್ಲಿನ ಪ್ಲಗ್ ಬ್ರಿಟಿಷ್ ಮಾದರಿ, ಮೂರು ಚೌಕ ಕಡ್ಡಿಯದು. ಎರಡು ಅಡಾಪ್ಟರ್ ಬೇಕು.

ಹಂತ 7: ಮನೆ ಸಿದ್ಧಮಾಡಿ

ನಿಮಗೆ ರೂಢಿಯಾಗಿ ಕಣ್ಣಿಗೆ ಕಾಣದೆ ಹೋದದ್ದೇ ಅವರಿಗೆ ಕಷ್ಟ. ಮೊದಲನೆಯದು ಕಕ್ಕಸು. ಹಿತ್ತಲಿನ ಗುಂಡಿ ಕಕ್ಕಸಿಗೆ ರಾತ್ರಿ ಟಾರ್ಚ್ ಹಿಡಿದು ಹೋಗುವುದು, ಮಂಡಿ ಮಡಿಸಿ ಕೂರುವುದು 65ರ ಮಂಡಿಗೆ ಆಗದು. ಊರಿನ ಬಡಗಿಯ ಹತ್ತಿರ ನಡುವೆ ತೂತಿರುವ ಮರದ ಕುರ್ಚಿ ಮಾಡಿಸಿ. ಕಡಿಮೆ ದುಡ್ಡಿನಲ್ಲಿ ಆಗುತ್ತದೆ. ಇಡೀ ಸಿದ್ಧತೆಯಲ್ಲಿ ನಾನು ಮಾಡಿದ ಅತ್ಯಂತ ಉಪಯೋಗದ ಕೆಲಸ ಇದು. ಇದೂ ಬೇಡವೆನಿಸಿದರೆ ಹತ್ತಿರದ ವಸತಿಗೃಹದಲ್ಲಿ ಕೋಣೆ ಹಿಡಿಯಿರಿ. ಅದರಲ್ಲಿ ಅವಮಾನ ಏನೂ ಇಲ್ಲ. ಹಗಲು ನಿಮ್ಮ ಮನೆ, ರಾತ್ರಿ ಅಲ್ಲಿ.

ನೀರು: 20 ಲೀಟರಿನ ಹಳದಿ ಜೆರ್ರಿಕ್ಯಾನ್ ನಾಲ್ಕು ಹೆಚ್ಚಿಗೆ ತುಂಬಿಸಿಡಿ. ಕುಡಿಯಲು ಕುದಿಸಿದ್ದು ಮಾತ್ರ. ಹಲ್ಲುಜ್ಜಲೂ ಅದೇ.

ಒಲೆ: ನೀವು ಸಿಗಿರಿ, ಅಂದರೆ ಇದ್ದಿಲ ಒಲೆಯ ಮೇಲೆ ಅಡುಗೆ ಮಾಡುತ್ತಿದ್ದರೆ ಎರಡು ವಾರಕ್ಕಾದರೂ ಗ್ಯಾಸ್ ಸಿಲಿಂಡರ್ ತನ್ನಿ. ಸಿಗಿರಿಯನ್ನು ಮುಚ್ಚಿದ ಕೋಣೆಯಲ್ಲಿ ಎಂದೂ ಇಡಬೇಡಿ. ಹೊಗೆ ಕಾಣದಿದ್ದರೂ ವಿಷಾನಿಲ ಇರುತ್ತದೆ.

ಸೊಳ್ಳೆ ಪರದೆ ಹಾಸಿಗೆಯ ಕೆಳಗೆ ಸಿಕ್ಕಿಸುವಷ್ಟು ಉದ್ದವಿರಲಿ. ಕರೆಂಟು ಹೋಗುವುದಕ್ಕೆ ಸೌರದೀಪ ಎರಡು. ಇಷ್ಟು ಸಾಕು. ಹೊಸ ಸೋಫಾ, ಪರದೆ, ಡಿನ್ನರ್ ಸೆಟ್ ಬೇಡ. ನಿಮ್ಮ ಬದುಕು ಹೇಗಿದೆಯೋ ಹಾಗೇ ಅವರು ನೋಡಲಿ.

ಹಂತ 8: ಎರಡೂ ಕಡೆಯವರಿಗೆ ಮೊದಲೇ ಹೇಳಿ

ಈ ಹಂತ ಬಿಟ್ಟು ಉಳಿದದ್ದೆಲ್ಲ ಮಾಡಿದವರು ಮುಖ ಕೆಡಿಸಿಕೊಂಡು ಊರಿಗೆ ಕಳಿಸಿದ್ದಾರೆ.

ಮನೆಯವರಿಗೆ ಹೇಳಬೇಕಾದದ್ದು. ಮೈಬಣ್ಣದ ಮಾತು ಬಾಯಿಂದ ಬರಬಾರದು. ಕನ್ನಡದಲ್ಲಿ ಆಡಿದರೆ ಯಾರಿಗೆ ತಿಳಿಯುತ್ತದೆ ಎಂದು ನಮ್ಮವರು ಅಂದುಕೊಳ್ಳುತ್ತಾರೆ. ಮುಖ ನೋಡಿದರೆ ಸಾಕು, ತಿಳಿಯುತ್ತದೆ. ಇದನ್ನು ಫೋನಿನಲ್ಲಿ ಸುತ್ತಿ ಬಳಸಿ ಹೇಳಬೇಡಿ, ನೇರವಾಗಿ ಹೇಳಿ. ಇಲ್ಲಿ ಭಾರತೀಯರನ್ನು "ಮುಯಿಂಡಿ" ಎನ್ನುತ್ತಾರೆ. ಭಾರತೀಯ ಎಂದರೆ ಅಂಗಡಿ ಮಾಲೀಕ, ಕಾರ್ಖಾನೆಯ ಧಣಿ ಎಂಬ ಚಿತ್ರ ಇಲ್ಲಿನವರ ಮನಸ್ಸಿನಲ್ಲಿದೆ. ಕೆಲಸದವರನ್ನು ಗದರಿಸುವ ಭಾರತೀಯರನ್ನು ಅವರು ನೋಡಿದ್ದಾರೆ. ಬಟ್ಟೆ ಒಗೆಯಲು ಬರುವ ಹೆಂಗಸಿಗೆ ಅಮ್ಮ ಬೇರೆ ಲೋಟದಲ್ಲಿ ಚಹಾ ಕೊಟ್ಟರೆ ನೀವು ಒಂದು ವರ್ಷ ಕಟ್ಟಿದ ನಂಬಿಕೆ ಒಂದು ಬೆಳಗ್ಗೆ ಹೋಗುತ್ತದೆ. ನನ್ನ ಮನೆಯಲ್ಲಿ ಮೊದಲ ಸಲ ಆದದ್ದು ಇದೇ. ಆ ಹೆಂಗಸು ಏನೂ ಅನ್ನಲಿಲ್ಲ. ಮರುದಿನ ಚಹಾ ಬೇಡ ಎಂದಳು, ಅಷ್ಟೆ.

ಮಕ್ಕಳಿಗೆ ಬೀದಿಯಲ್ಲಿ ಚಾಕೊಲೇಟ್, ದುಡ್ಡು ಹಂಚಬಾರದು. ಅವರು ಹೋದ ಮೇಲೆ ದಿನವೂ ನಿಮ್ಮ ಹಿಂದೆ ಬರುವವರು ಆ ಮಕ್ಕಳೇ. ಕೊಡಲೇಬೇಕೆಂದರೆ ಶಾಲೆಯ ಮುಖ್ಯಸ್ಥರ ಕೈಗೆ ಪುಸ್ತಕ, ಪೆನ್ಸಿಲ್ ಕೊಡಲಿ. ಮಕ್ಕಳ ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುವುದೂ ಬೇಡ. ನಿಮ್ಮ ಸಂಸ್ಥೆಗೆ ಮಕ್ಕಳ ರಕ್ಷಣೆಯ ನಿಯಮ ಇರುತ್ತದೆ, ಅದು ಬಂದವರಿಗೂ ಅನ್ವಯ. ಪೊಲೀಸ್, ಸೈನಿಕರು, ಅಣೆಕಟ್ಟು ಇವುಗಳ ಫೋಟೊ ತೆಗೆಯಲೇಬಾರದು.

ಊರಿನವರಿಗೆ ಹೇಳಬೇಕಾದದ್ದು. ಅಪ್ಪ ಅಮ್ಮ ಮಾಂಸ ತಿನ್ನುವುದಿಲ್ಲ ಎಂಬುದನ್ನು ಒಂದು ವಾರ ಮೊದಲೇ ಮನೆಯೊಡತಿಗೆ, ಅಕ್ಕಪಕ್ಕದವರಿಗೆ ತಿಳಿಸಿ. ಇಲ್ಲಿ ನೆಂಟರಿಗೆ ಕೋಳಿ ಕೊಯ್ಯುವುದು ದೊಡ್ಡ ಮರ್ಯಾದೆ. ಕೊಯ್ದು ಬಡಿಸಿದ ಮೇಲೆ "ತಿನ್ನಲ್ಲ" ಎಂದರೆ ಅವರಿಗೆ ಬೇಜಾರು, ನಿಮಗೂ ಇರಿಸುಮುರಿಸು. "ಬೀನ್ಸ್, ಸೊಪ್ಪು, ಮಟೋಕೆ ಅಂದ್ರೆ ಅವರಿಗೆ ಪ್ರಾಣ" ಎಂದು ಬೇಕಾದದ್ದನ್ನು ಹೇಳಿ (ಮಟೋಕೆ ಎಂದರೆ ಇಲ್ಲಿನ ಬಾಳೆಕಾಯಿ ಅಡುಗೆ). ಬೇಡದ್ದನ್ನು ಮಾತ್ರ ಹೇಳಿದರೆ ಪಾಪ ಅವರು ಏನು ಮಾಡಬೇಕೋ ತೋಚದೆ ಕೂರುತ್ತಾರೆ.

ಬುಗಾಂಡ, ಬುಸೋಗ ಕಡೆ ಹಿರಿಯರ ಮುಂದೆ ಹೆಣ್ಣುಮಕ್ಕಳು ಮಂಡಿಯೂರಿ ನಮಸ್ಕರಿಸುತ್ತಾರೆ. ಅಮ್ಮ ಗಾಬರಿಯಾಗಿ ಎಬ್ಬಿಸಲು ಹೋಗುತ್ತಾರೆ. ಹೋಗಬಾರದು. ಕುಳಿತಲ್ಲೇ ನಗುತ್ತಾ ಉತ್ತರ ಕೊಟ್ಟರೆ ಸಾಕು. ಇಲ್ಲಿನ ಲುಗಾಂಡ ಭಾಷೆಯ ನಾಲ್ಕು ಮಾತು ಕಲಿಸಿ: "ವಸೂಝೆ ಓಟ್ಯಾ" ಅಂದರೆ ರಾತ್ರಿ ಚೆನ್ನಾಗಿ ಮಲಗಿದಿರಾ. "ವೆಬಾಲೆ" ಅಂದರೆ ಧನ್ಯವಾದ. ಗಂಡಸರಿಗೆ "ಸೆಬೊ", ಹೆಂಗಸರಿಗೆ "ನ್ಯಾಬೊ", ನಮ್ಮ ಸ್ವಾಮಿ, ಅಮ್ಮಾ ಇದ್ದ ಹಾಗೆ. ಈ ನಾಲ್ಕೇ ಮಾತಿನಲ್ಲಿ ನನ್ನ ಅಮ್ಮ ಸಂತೆಯಲ್ಲಿ ಚೌಕಾಸಿ ಮಾಡಿದ್ದಾರೆ.

ಹಂತ 9: ಬಂದಿಳಿಯುವ ದಿನ

ಎಂಟೆಬೆಯಿಂದ ಜಿಂಜಾಕ್ಕೆ ಸುಮಾರು 120 ಕಿಲೋಮೀಟರ್. ಆದರೆ ನಡುವೆ ಕಂಪಾಲಾದ ಟ್ರಾಫಿಕ್ ಇದೆ, ನಾಲ್ಕು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಮಧ್ಯಾಹ್ನದ ಮೇಲೆ ಇಳಿದರೆ ಅಂದೇ ಹೊರಡಬೇಡಿ. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ದೀಪವಿಲ್ಲದ ಲಾರಿ ನಿಂತಿರುತ್ತವೆ. ಎಂಟೆಬೆಯಲ್ಲೇ ಒಂದು ರಾತ್ರಿ ಉಳಿಯಿರಿ.

ಎಷ್ಟು ದಿನ ಇರುತ್ತೀರಿ ಎಂದು ವಲಸೆ ಕೌಂಟರಿನವರು ಕೇಳುತ್ತಾರೆ. ಅಪ್ಪ ಗಡಿಬಿಡಿಯಲ್ಲಿ "ಟೂ ವೀಕ್ಸ್" ಎಂದರೆ ಅಷ್ಟೇ ದಿನದ ಮೊಹರು ಬೀಳಬಹುದು. ಎರಡು ದಿನ ಹೆಚ್ಚಿಗೆ ಸೇರಿಸಿ ಹೇಳಲು ಕಲಿಸಿ. ಮೊಹರಿನಲ್ಲಿ ಬರೆದದ್ದನ್ನು ಅಲ್ಲೇ ಓದಿಕೊಳ್ಳಿ. ನಿಮ್ಮ ವಿಳಾಸ, ಫೋನ್ ನಂಬರು ಬರೆದ ಚೀಟಿ ಅವರ ಜೇಬಿನಲ್ಲಿರಲಿ.

ಇಲ್ಲಿ "ಟ್ಯಾಕ್ಸಿ" ಎಂದರೆ ಹದಿನಾಲ್ಕು ಜನರನ್ನು ತುಂಬುವ ವ್ಯಾನು. ನಮಗೆ ಬೇಕಾದ ಬಾಡಿಗೆ ಕಾರಿಗೆ "ಸ್ಪೆಷಲ್ ಹೈರ್" ಎನ್ನುತ್ತಾರೆ. ಬೋಡಾ, ಅಂದರೆ ಬಾಡಿಗೆ ಬೈಕಿನ ಮೇಲೆ ಸೀರೆ ಉಟ್ಟ ಅಮ್ಮನನ್ನು ಕೂರಿಸಬೇಡಿ. ಡ್ರೈವರಿಗೆ ಸಮಯ ಹೇಳುವಾಗ ಎಚ್ಚರ. ಲುಗಾಂಡ ಭಾಷೆಯಲ್ಲಿ ಗಂಟೆ ಎಣಿಸುವುದು ಬೆಳಗಿನಿಂದ. ನಮ್ಮ 8 ಗಂಟೆ ಅವರಿಗೆ 2. "ಬೆಳಿಗ್ಗೆ ಎಂಟು" ಎಂದು ಇಂಗ್ಲಿಷಿನಲ್ಲೂ ಬೆರಳಿನಲ್ಲೂ ಎರಡೂ ರೀತಿ ಖಚಿತ ಮಾಡಿಕೊಳ್ಳಿ.

ನಾವು ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ. ಐದಕ್ಕೆ ಏಳುವ ಅಪ್ಪ ಮೊದಲ ಮೂರು ದಿನ ಎರಡೂವರೆಗೇ ಎದ್ದು ಕಾಫಿ ಎಲ್ಲಿ ಎನ್ನುತ್ತಾರೆ. ಫ್ಲಾಸ್ಕ್ ತುಂಬಿಸಿಟ್ಟು ಮಲಗಿ.

ಹಂತ 10: ಊಟ

ಮಟೋಕೆ ಎಂದರೆ ಬಾಳೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿ ಹಿಸುಕಿದ ಹಸಿ ಬಾಳೆಕಾಯಿ. ಪೋಶೊ ಎಂದರೆ ಮುಸುಕಿನ ಜೋಳದ ಹಿಟ್ಟಿನ ಬಿಳಿ ಮುದ್ದೆ. ಇವೆರಡೂ ಅವರಿಗೆ ಸಪ್ಪೆ ಅನ್ನಿಸುತ್ತದೆ. ಕಾಲೋ ಸಿಗುವ ಕಡೆ ಕರೆದುಕೊಂಡು ಹೋಗಿ. ಅದು ರಾಗಿ ಹಿಟ್ಟಿನದು, ಕೆಲವೆಡೆ ಮರಗೆಣಸಿನ ಹಿಟ್ಟು ಬೆರೆಸುತ್ತಾರೆ. ಕೈಯಲ್ಲೇ ಮುರಿದು ಸಾರಿಗೆ ಅದ್ದಿ ತಿನ್ನುತ್ತಾರೆ. ರಾಗಿಯ ಮೂಲವೇ ಪೂರ್ವ ಆಫ್ರಿಕಾದ ಎತ್ತರದ ನೆಲ. ಹಾಸನದ ನನ್ನ ಅಪ್ಪ ಮೊದಲ ತುತ್ತಿಗೇ "ಇದು ನಮ್ಮದೇ ಕಣೋ" ಎಂದರು. ನಮ್ಮದು ಇಲ್ಲಿಂದ ಹೋದದ್ದು ಎಂದು ತಿದ್ದಿದೆ, ಅವರು ಒಪ್ಪಲಿಲ್ಲ.

ಕಡಲೆಕಾಯಿ ಸಾರು ಸಸ್ಯಾಹಾರಿಗಳಿಗೆ ವರ. ಆದರೆ ಅದಕ್ಕೆ ಮುಕೆನೆ ಎಂಬ ಸಣ್ಣ ಒಣಮೀನು ಹಾಕುವ ರೂಢಿ ಇದೆ. ಕೇಳದೆ ಬಡಿಸಿಕೊಳ್ಳಬೇಡಿ. ರೋಲೆಕ್ಸ್ ಎಂದರೆ ಕೈಗಡಿಯಾರ ಅಲ್ಲ, ಚಪಾತಿಯಲ್ಲಿ ಸುತ್ತಿದ ಆಮ್ಲೆಟ್. ನ್ದೀಜಿ ಎಂಬ ಸಣ್ಣ ಬಾಳೆಹಣ್ಣು ನಮ್ಮ ಏಲಕ್ಕಿ ಬಾಳೆಯಂತೆ ಸಿಹಿ. ಹಲಸಿನ ಹಣ್ಣಿಗೆ ಫೆನೆ ಎನ್ನುತ್ತಾರೆ, ಬೀದಿಬೀದಿಯಲ್ಲಿ ಸಿಗುತ್ತದೆ.

ಹಂತ 11: ನೀವು ಕೆಲಸಕ್ಕೆ ಹೋದಾಗ

ಇಡೀ ಎರಡು ವಾರ ಟೂರಿಸ್ಟ್ ಗೈಡ್ ಆಗಲು ಹೋಗಬೇಡಿ. ಒಂದು ದಿನ ಆಫೀಸಿಗೆ ಕರೆದೊಯ್ದು ಎಲ್ಲರಿಗೂ ಪರಿಚಯಿಸಿ. ಆಮೇಲೆ ಅವರಿಗೂ ಕೆಲಸ ಕೊಡಿ. ಅಮ್ಮ ಮನೆಯೊಡತಿಯ ಜೊತೆ ಸಂತೆಗೆ ಹೋಗಲಿ. ಅಪ್ಪ ಪಕ್ಕದವರ ತೋಟದಲ್ಲಿ ನಿಲ್ಲಲಿ. ಬಾಳೆ, ಕಾಫಿ, ರಾಗಿ ಗೊತ್ತಿರುವವರಿಗೆ ಭಾಷೆ ಬೇಕಾಗುವುದಿಲ್ಲ. ಅವರ ಫೋನಿಗೆ ಇಲ್ಲಿನ ಸಿಮ್ ಹಾಕಿಸಿ, ಅದಕ್ಕೆ ಪಾಸ್‌ಪೋರ್ಟ್ ಬೇಕು. 2021ರ ಜನವರಿಯ ಚುನಾವಣೆ ಹೊತ್ತಿಗೆ ಇಲ್ಲಿ ಫೇಸ್‌ಬುಕ್ ನಿಲ್ಲಿಸಿದರು. "ಫೋನ್ ಕೆಟ್ಟಿದೆ" ಎಂದು ಅಪ್ಪ ದೂರುವ ಮೊದಲೇ ವಾಟ್ಸಾಪ್ ಸಾಕು ಎಂದು ಹೇಳಿಡಿ.

ಹಂತ 12: ನೋಡುವ ಜಾಗ

ಗೊರಿಲ್ಲಾ ನೋಡುವ ಪರವಾನಗಿ ವಿದೇಶಿ ಪ್ರವಾಸಿಗೆ ಒಬ್ಬರಿಗೆ 800 ಡಾಲರ್. ಮೇಲಾಗಿ ಕೆಸರಿನ ಗುಡ್ಡದಲ್ಲಿ ಗಂಟೆಗಟ್ಟಲೆ ನಡಿಗೆ. ಹಿರಿಯರಿಗೆ ಬೇಡ ಎಂದೇ ನನ್ನ ಅಭಿಪ್ರಾಯ. ಅದರ ಬದಲು ಮರ್ಚಿಸನ್ ಫಾಲ್ಸ್‌ನಲ್ಲಿ ದೋಣಿಯಲ್ಲಿ ಕುಳಿತೇ ಆನೆ, ನೀರಾನೆ, ಮೊಸಳೆ ನೋಡಬಹುದು. ನಿಮ್ಮ ಕೆಲಸದ ಪರವಾನಗಿ ಜೊತೆಗಿಟ್ಟುಕೊಳ್ಳಿ. ಇಲ್ಲಿ ವಾಸಿಸುವ ವಿದೇಶಿಯರಿಗೆ ಉದ್ಯಾನದ ಪ್ರವೇಶ ದರ ಕಡಿಮೆ. ಮಸಾಕಾ ರಸ್ತೆಯ ಕಾಯಬ್ವೆಯಲ್ಲಿ ಭೂಮಧ್ಯರೇಖೆ ದಾಟುತ್ತದೆ. ಅಲ್ಲಿ ಬೋಗುಣಿಯ ನೀರು ರೇಖೆಯ ಆಚೆ ಈಚೆ ಬೇರೆ ಬೇರೆ ಕಡೆ ಸುತ್ತುವುದನ್ನು ತೋರಿಸಿ ದುಡ್ಡು ಕೇಳುತ್ತಾರೆ. ಅದು ನೀರು ಸುರಿಯುವ ಕೈಚಳಕ, ಭೂಮಿಯ ತಿರುಗುವಿಕೆಗೂ ಅದಕ್ಕೂ ಸಂಬಂಧವಿಲ್ಲ. ಫೋಟೊ ಮಾತ್ರ ಚೆನ್ನಾಗಿ ಬರುತ್ತದೆ.

ಜಿಂಜಾದಲ್ಲಿ ನೈಲ್ ನದಿ ವಿಕ್ಟೋರಿಯಾ ಸರೋವರದಿಂದ ಹೊರಡುತ್ತದೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನು ಅಲ್ಲಿ ಬಿಟ್ಟರು. 1997ರಲ್ಲಿ ಆಗಿನ ಪ್ರಧಾನಿ ಐ. ಕೆ. ಗುಜ್ರಾಲ್ ಅಲ್ಲಿ ಗಾಂಧಿ ಪ್ರತಿಮೆ ಅನಾವರಣ ಮಾಡಿದರು. ಇಲ್ಲಿ ಒಂದು ಗಟ್ಟಿ ಎಚ್ಚರಿಕೆ. ನದಿಯ ಮೂಲ, ಗಾಂಧಿ ಭಸ್ಮ ಎಂದರೆ ನಮ್ಮ ಅಮ್ಮಂದಿರು ಮೂರು ಮುಳುಗು ಹಾಕಲು ಸೆರಗು ಕಟ್ಟುತ್ತಾರೆ. ಬಿಡಬೇಡಿ. ಈ ನೀರಿನಲ್ಲಿ ಬಿಲ್ಹಾರ್ಜಿಯಾ ಇದೆ. ಬಸವನಹುಳುವಿನಿಂದ ನೀರಿಗೆ ಬಂದು, ಚರ್ಮದ ಮೂಲಕ ಮೈಯೊಳಗೆ ಹೋಗುವ ಹುಳುವಿನ ರೋಗ. ಕಾಲು ಇಳಿಬಿಟ್ಟು ಕೂರುವುದೂ ಬೇಡ. ದೋಣಿಯಲ್ಲಿ ಕುಳಿತು ಕೈಮುಗಿಯಲಿ.

ಹಂತ 13: ಹೊರಡುವಾಗ

ಹಳದಿ ಕಾರ್ಡು ಪಾಸ್‌ಪೋರ್ಟಿನೊಳಗೇ ಇದೆಯೇ ನೋಡಿ, ಬೆಂಗಳೂರಿನಲ್ಲಿ ಕೇಳುತ್ತಾರೆ. ಮಲೇರಿಯಾ ಮಾತ್ರೆ ಮುಗಿಯುವ ತಾರೀಖನ್ನು ಡಬ್ಬಿಯ ಮೇಲೆ ಬರೆಯಿರಿ. ಊರಿಗೆ ಹೋದ ಮೇಲೆ ಜ್ವರ ಬಂದರೆ, ಅದು ಎರಡು ತಿಂಗಳ ಮೇಲಾದರೂ ಸರಿ, "ಉಗಾಂಡಕ್ಕೆ ಹೋಗಿದ್ದೆ" ಎಂಬ ಮಾತು ಡಾಕ್ಟರಿಗೆ ಮೊದಲು ಹೇಳಬೇಕು. ವೈರಲ್ ಎಂದು ಸುಮ್ನೆ ಎರಡು ದಿನ ಕಾಯುವ ಜ್ವರ ಅಲ್ಲ ಇದು.

ಊರಿನವರು ಬರಿಗೈಯಲ್ಲಿ ಕಳಿಸುವುದಿಲ್ಲ. ಬಾಳೆಗೊನೆ, ಹಲಸು ತರುತ್ತಾರೆ. ಜೀವಂತ ಕೋಳಿಯನ್ನೂ ಕಾಲು ಕಟ್ಟಿ ತಂದು ಅಮ್ಮನ ಕೈಗೆ ಕೊಡುತ್ತಾರೆ. ಸಸ್ಯಾಹಾರಿ ಎಂದು ಹೇಳಿದ್ದು ಊಟಕ್ಕೆ, ಉಡುಗೊರೆಗಲ್ಲ. ಬೇಡ ಅನ್ನಬಾರದು. ಎರಡೂ ಕೈಯಲ್ಲಿ ತೆಗೆದುಕೊಂಡು "ವೆಬಾಲೆ ನ್ಯೋ" ಎಂದು ಹೇಳಿ, ಆಮೇಲೆ ನಿಮ್ಮ ಹತ್ತಿರ ಬಿಟ್ಟುಹೋಗಲಿ. ನನ್ನ ಹಿತ್ತಲಿನಲ್ಲಿ ಈಗ ಅಂಥವು ಎರಡಿವೆ. ಅಮ್ಮ ವಾರಕ್ಕೊಮ್ಮೆ ಫೋನಿನಲ್ಲಿ ಅವುಗಳ ಯೋಗಕ್ಷೇಮ ಕೇಳುತ್ತಾರೆ. ಮೊಟ್ಟೆಯೆಲ್ಲ ಪಕ್ಕದ ಮನೆಗೆ.